ಗಾಳಿಯಾಡುವ ಅಲಂಕಾರ

ಕಂಪ್ಯೂಟರಿಗೆ ಕೈಯಾರೆ ಪೆಟ್ಟಿಗೆ ಮಾಡಲು ಹೊರಟವರು ಮೊದಲು ಮರದ ಬಗ್ಗೆ ಯೋಚಿಸುತ್ತಾರೆ, ಆಮೇಲೆ ಬಣ್ಣದ ಬಗ್ಗೆ. ಗಾಳಿಯ ನೆನಪಾಗುವುದು ಎಲ್ಲ ಮುಗಿದು ಒಳಗಿನ ಫ್ಯಾನು ಅರಚತೊಡಗಿದ ಮೇಲೆ. ಈ ಕ್ರಮವನ್ನು ತಿರುಗಿಸಬೇಕು. ಅದರಲ್ಲೂ ಹಳೆಯ ಆರ್ಟ್ ಡೆಕೋ ಚೆಲುವಿನ ಪೆಟ್ಟಿಗೆ ಬೇಕೆನ್ನುವವರು ಗಾಳಿಯಿಂದಲೇ ಶುರು ಮಾಡಬೇಕು. ಆ ಶೈಲಿಯ ಮೆಟ್ಟಿಲು, ಪಟ್ಟಿ, ಸೀಳು, ದುಂಡು ಮೂಲೆಗಳು ಬರೀ ಶೃಂಗಾರಕ್ಕೆ ಹುಟ್ಟಿದವಲ್ಲ. ಅವುಗಳಲ್ಲಿ ಹಲವಕ್ಕೆ ಒಂದೊಂದು ಕೆಲಸವಿತ್ತು. ಆ ಕೆಲಸವನ್ನು ಅವಕ್ಕೇ ಮರಳಿ ಒಪ್ಪಿಸಿದರೆ ಪೆಟ್ಟಿಗೆ ಚೆಂದವೂ ಇರುತ್ತದೆ, ತಣ್ಣಗೂ ಇರುತ್ತದೆ.

ಆ ಶೈಲಿಗೆ ಎರಡು ಮುಖಗಳು. 1925ರಲ್ಲಿ ಪ್ಯಾರಿಸ್‌ನಲ್ಲಿ ಅಲಂಕಾರ ಕಲೆ ಮತ್ತು ಆಧುನಿಕ ಉದ್ಯಮಗಳ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಎಮಿಲ್-ಜಾಕ್ ರೂಲ್‌ಮನ್‌ನಂಥ ಪೀಠೋಪಕರಣ ವಿನ್ಯಾಸಕಾರರು ಕರಿಮರ, ದಂತ, ಅಪರೂಪದ ಮರಗಳ ತೆಳು ಹಾಳೆಗಳನ್ನು ಬಳಸಿ ಮಾಡಿದ ಕಪಾಟು, ಮೇಜುಗಳು ಅಲ್ಲಿ ಕಣ್ಸೆಳೆದವು. ಇದು ಶ್ರೀಮಂತರ ಮನೆಯ ಡೆಕೋ. ನಮ್ಮ ಕೆಲಸಕ್ಕೆ ಹೆಚ್ಚು ಒದಗುವುದು ಅಮೆರಿಕದ ಗಗನಚುಂಬಿಗಳ ಡೆಕೋ. ಅಲ್ಲಿನ ಕಟ್ಟಡಗಳು ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುತ್ತವಲ್ಲ, ಆ ಆಕಾರದ ಹಿಂದೆ ಒಂದು ಕಾನೂನಿದೆ. ಎತ್ತರದ ಕಟ್ಟಡಗಳು ಬೀದಿಯ ಬೆಳಕು, ಗಾಳಿಯನ್ನು ನುಂಗುತ್ತಿವೆ ಎಂದು ನ್ಯೂಯಾರ್ಕ್ ನಗರ 1916ರಲ್ಲಿ ನಿಯಮ ತಂದಿತು. ಒಂದು ಮಟ್ಟ ದಾಟಿದ ಮೇಲೆ ಗೋಡೆ ಹಿಂದೆ ಸರಿಯಲೇಬೇಕಾಯಿತು. ವಾಸ್ತುಶಿಲ್ಪಿಗಳು ಆ ಕಟ್ಟಳೆಯನ್ನೇ ಸೊಬಗಾಗಿ ಮಾಡಿಕೊಂಡರು. ಗಾಳಿಗಾಗಿ ಹುಟ್ಟಿದ ಆಕಾರ ಅದು.

ನಮಗೆ ಹತ್ತಿರದ ಸಾಕ್ಷಿ ಬೇಕೆಂದರೆ ಮುಂಬೈಗೆ ಹೋಗಬೇಕು. 1933ರ ರೀಗಲ್, 1938ರ ಈರೋಸ್ ಚಿತ್ರಮಂದಿರಗಳು, ಮರೀನ್ ಡ್ರೈವ್‌ನ ಸಾಲುಮನೆಗಳು ಡೆಕೋ ಕಾಲದವು. ನಗರದ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೋ ಕಟ್ಟಡ ಸಮೂಹ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮರೀನ್ ಡ್ರೈವ್ ಮನೆಗಳ ಕಿಟಕಿಗಳ ಮೇಲೆ ಕಟ್ಟಡದ ಉದ್ದಕ್ಕೂ ಓಡಿ, ಮೂಲೆಯಲ್ಲಿ ದುಂಡಗೆ ತಿರುಗುವ ತೆಳು ಸಜ್ಜಗಳನ್ನು ಗಮನಿಸಿ. ದೂರದಿಂದ ಅವು ಬರೀ ಗೆರೆ. ಹತ್ತಿರ ಹೋದರೆ ಬಿಸಿಲು, ಮಳೆ ತಡೆಯುವ ಸಜ್ಜ. ನನ್ನ ಪೆಟ್ಟಿಗೆಗೆ ನಾನು ಕದ್ದದ್ದು ಈ ಸಜ್ಜವನ್ನೇ. ಅದರ ವಿಷಯ ಮುಂದೆ ಹೇಳುತ್ತೇನೆ.

ಆದರೆ ನಿಜವಾದ ಗುರು ಕಟ್ಟಡವಲ್ಲ, ರೇಡಿಯೋ. ಹೊಸದೊಂದು ಯಂತ್ರ, ಒಳಗೆ ತಂತಿ, ಬಿಸಿ, ವಿದ್ಯುತ್ತು. ಅದನ್ನು ನಡುಮನೆಯಲ್ಲಿ ಎಲ್ಲರ ಕಣ್ಣಮುಂದೆ ಇಡಬೇಕು. ನಮ್ಮ ಮುಂದಿರುವ ಪ್ರಶ್ನೆ 1930ರ ದಶಕದ ವಿನ್ಯಾಸಕಾರರ ಮುಂದೆಯೂ ಹಾಗೆಯೇ ಇತ್ತು. 1934ರಲ್ಲಿ ಇಂಗ್ಲೆಂಡಿನ ಎಕ್ಕೊ ಕಂಪನಿ ಎಡಿ-65 ಎಂಬ ದುಂಡು ರೇಡಿಯೋ ತಂದಿತು. ಅದನ್ನು ರೂಪಿಸಿದವನು ವೆಲ್ಸ್ ಕೋಟ್ಸ್ ಎಂಬ ವಾಸ್ತುಶಿಲ್ಪಿ. ಒಳಗಿನ ಸ್ಪೀಕರ್ ದುಂಡು, ಹಾಗಾಗಿ ಪೆಟ್ಟಿಗೆಯೂ ದುಂಡು. ಸ್ಟೇಷನ್ ಹುಡುಕುವ ಅಂಕಿಪಟ್ಟಿ ಅದೇ ವೃತ್ತವನ್ನು ಹಿಡಿದು ಕಮಾನಿನಂತೆ ಬಾಗಿದೆ. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದಲ್ಲಿ ಹೆರಾಲ್ಡ್ ವ್ಯಾನ್ ಡೋರನ್ ಮತ್ತು ಜಾನ್ ಗಾರ್ಡನ್ ರೈಡೌಟ್ ಏರ್ ಕಿಂಗ್ ಕಂಪನಿಗೆಂದು ರೂಪಿಸಿದ ರೇಡಿಯೋ ಪುಟ್ಟ ಗಗನಚುಂಬಿಯಂತೆಯೇ ಇತ್ತು. ಎತ್ತರ ಒಂದಡಿಯಷ್ಟು, ಎರಡೂ ಬದಿಯಲ್ಲಿ ಮೆಟ್ಟಿಲು. ನಾನು ಮಾದರಿಯಾಗಿ ಇಟ್ಟುಕೊಂಡದ್ದು ಈ ಎರಡನೆಯ ರೂಪವನ್ನು. ದುಂಡು ಪೆಟ್ಟಿಗೆಗೆ ಅಚ್ಚು ಬೇಕು, ಮೆಟ್ಟಿಲಿನ ಪೆಟ್ಟಿಗೆಗೆ ಪ್ಲೈವುಡ್ ಸಾಕು.

ಬಿಸಿಯ ಲೆಕ್ಕದಲ್ಲೂ ರೇಡಿಯೋ, ಕಂಪ್ಯೂಟರ್ ಎಂಬ ಎರಡು ಯಂತ್ರಗಳು ಅಷ್ಟೇನೂ ದೂರವಿಲ್ಲ. ಐದು ವಾಲ್ವಿನ ಸಾಮಾನ್ಯ ರೇಡಿಯೋ ಸುಮಾರು 50 ವ್ಯಾಟ್ ಎಳೆಯುತ್ತಿತ್ತು. ಇವತ್ತಿನ ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರಿನ ವಿವರಪಟ್ಟಿಯಲ್ಲಿ 65 ವ್ಯಾಟ್ ಎಂದು ಬರೆದಿರುತ್ತದೆ. ಆ ಬರಹವನ್ನು ಪೂರ್ತಿ ನಂಬಬೇಡಿ: 65 ವ್ಯಾಟಿನ ಎಎಂಡಿ ಪ್ರೊಸೆಸರ್ ಪೂರ್ಣ ಹೊರೆ ಬಿದ್ದಾಗ 88 ವ್ಯಾಟಿನವರೆಗೂ ಹೋಗುತ್ತದೆ. ಆದರೂ ಮರದ ಪೆಟ್ಟಿಗೆಯಲ್ಲಿ ನಿಭಾಯಿಸಬಹುದಾದ ಬಿಸಿಯೇ. 300 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೇನೆ ಎನ್ನುವವರಿಗೆ ಈ ಬರಹ ಒದಗುವುದಿಲ್ಲ. ಅದಕ್ಕೆ ಬೇರೆಯೇ ಅಳತೆಯ ಪೆಟ್ಟಿಗೆ ಬೇಕು.

ನಕ್ಷೆಯನ್ನು ಬಡಗಿಯ ಮುಂದೆ ಹರಡಿದಾಗ ಅವರು ಮೊದಲು ಕೇಳಿದ್ದು, "ಇದೇನ್ ಸಾರ್, ದೇವರ ಮಂಟಪನಾ?"

"ಅಲ್ಲ ಆಚಾರ್ರೇ, ಹಳೇ ರೇಡಿಯೋ ಥರದ್ದು. ಒಳಗೆ ಕಂಪ್ಯೂಟರ್ ಇರುತ್ತೆ."

ಅವರು ನಕ್ಷೆಯ ಹಿಂಬದಿಯ ಮೇಲೆ ಪೆನ್ಸಿಲ್ ಇಟ್ಟರು. "ರೇಡಿಯೋ ಅಂತೀರಾ, ಹಿಂದೆ ಪೂರ್ತಿ ಪ್ಲೈ ಹೊಡೀರಿ ಅಂತೀರಾ. ನಮ್ಮಪ್ಪನ ರೇಡಿಯೋಗೆ ಹಿಂದುಗಡೆ ತೂತುತೂತಿನ ರಟ್ಟು ಇತ್ತು. ಸಂಜೆ ವಾರ್ತೆ ಮುಗಿದ್ಮೇಲೆ ಕೈ ಇಟ್ರೆ ಬೆಚ್ಚಗಿರೋದು."

ಹಳೆಯ ರೇಡಿಯೋದ ಇಡೀ ಉಪಾಯ ಆ ರಟ್ಟಿನಲ್ಲಿತ್ತು. ಮುಂದೆ ಚೆಲುವು, ಹಿಂದೆ ಉಸಿರು. ಕಂಪ್ಯೂಟರಿಗೆ ಅದಷ್ಟೇ ಸಾಲದು, ಮುಂದಿನಿಂದಲೂ ಗಾಳಿ ಎಳೆಯಬೇಕು. ಆದರೆ ಹಿಂಬದಿ ಮುಚ್ಚಬಾರದು ಎಂಬ ಅವರ ಮಾತು ಅಲ್ಲಿಗೇ ತೀರ್ಮಾನವಾಯಿತು.

ಈಗ ಒಳಗಿನ ಜೋಡಣೆ. ಮದರ್‌ಬೋರ್ಡ್ ಮಿನಿ-ಐಟಿಎಕ್ಸ್ ಆಗಿರಲಿ. 170 ಮಿ.ಮೀ. ಉದ್ದ, 170 ಮಿ.ಮೀ. ಅಗಲದ ಈ ಅಳತೆಯನ್ನು ತೈವಾನಿನ ವಿಐಎ ಕಂಪನಿ 2001ರಲ್ಲಿ ತಂದಿತು. ವಿದ್ಯುತ್ ಪೂರೈಕೆಗೆ ಎಸ್‌ಎಫ್‌ಎಕ್ಸ್ ಅಳತೆಯ ಎಸ್‌ಎಂಪಿಎಸ್: 125 ಮಿ.ಮೀ. ಅಗಲ, 100 ಮಿ.ಮೀ. ಆಳ, 63.5 ಮಿ.ಮೀ. ಎತ್ತರ. ಪೆಟ್ಟಿಗೆ 290 ಮಿ.ಮೀ. ಅಗಲ, 230 ಮಿ.ಮೀ. ಆಳ, ಮೆಟ್ಟಿಲುಗಳೂ ಸೇರಿ 330 ಮಿ.ಮೀ. ಎತ್ತರ. ಕೆಳಗಿನ ಅಂತಸ್ತಿನಲ್ಲಿ ಎಸ್‌ಎಂಪಿಎಸ್. ಅದರ ಫ್ಯಾನು ಕೆಳಮುಖವಾಗಿದ್ದು, 20 ಮಿ.ಮೀ. ಎತ್ತರದ ಕಾಲುಗಳ ಸಂದಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ಹೀಗಾದರೆ ಅದರ ಬಿಸಿ ಬೋರ್ಡಿನ ಹತ್ತಿರ ಸುಳಿಯುವುದೇ ಇಲ್ಲ. ಅದರ ಮೇಲೆ ಅಲ್ಯೂಮಿನಿಯಂ ತಟ್ಟೆ, ತಟ್ಟೆಯ ಮೇಲೆ ಬೋರ್ಡ್ ಮಲಗಿರುತ್ತದೆ. ಕೇಬಲ್ ಸಿಕ್ಕಿಸುವ ಕಿಂಡಿಗಳು ಹಿಂದಕ್ಕೆ. ಮುಂದಿನ ಗೋಡೆಯ ಒಳಗೆ 120 ಮಿ.ಮೀ. ಫ್ಯಾನು. ಗಾಳಿ ಮುಂದಿನಿಂದ ಬಂದು, ಪ್ರೊಸೆಸರಿನ ಕೂಲರ್ ಹಾದು, ಹಿಂದಕ್ಕೂ ಮೇಲಕ್ಕೂ ಹೋಗಬೇಕು.

ತಟ್ಟೆಗೆ ತೂತು ಕೊರೆಯುವಾಗ ಒಂದು ಎಚ್ಚರ. ಬೋರ್ಡು ಚೌಕವಾಗಿದೆ ಎಂದು ನಾಲ್ಕು ತೂತುಗಳೂ ಚೌಕವಾಗಿ ಇರುತ್ತವೆ ಎಂದುಕೊಂಡರೆ ಕೆಟ್ಟಿತು. ಒಂದು ದಿಕ್ಕಿನಲ್ಲಿ 157.48, ಇನ್ನೊಂದು ದಿಕ್ಕಿನಲ್ಲಿ 154.94 ಮಿ.ಮೀ. ಅಂತರವಿದೆ. ಅದರಲ್ಲೂ ಒಂದು ತೂತು ತನ್ನ ಸಾಲು ಬಿಟ್ಟು 22.86 ಮಿ.ಮೀ. ಒಳಗೆ ಸರಿದಿರುತ್ತದೆ. ದೊಡ್ಡ ಎಟಿಎಕ್ಸ್ ಬೋರ್ಡಿನ ತೂತುಗಳನ್ನೇ ಇದಕ್ಕೂ ಉಳಿಸಿಕೊಂಡದ್ದರಿಂದ ಹೀಗೆ. ಲೆಕ್ಕದ ಗೋಜು ಬೇಡವೆಂದರೆ ಬೋರ್ಡನ್ನು ದಪ್ಪ ಕಾಗದದ ಮೇಲಿಟ್ಟು ತೂತಿನೊಳಗೆ ಪೆನ್ಸಿಲ್ ಮೊನೆ ತಿರುಗಿಸಿ, ಆ ಕಾಗದವನ್ನೇ ತಟ್ಟೆಗೆ ಅಂಟಿಸಿ ಕೊರೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 3 ಮಿ.ಮೀ. ಸ್ಕ್ರೂವಿನ ಹಿತ್ತಾಳೆ ಸ್ಪೇಸರ್‌ಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಆರೂವರೆ ಮಿ.ಮೀ. ಎತ್ತರದವು ಇರಲಿ. ಹಿಂಬದಿಗೆ ಮರ ಬೇಡ, ಒಂದು ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಸಾಕು. ಬೋರ್ಡಿನ ಕಿಂಡಿಪಟ್ಟಿಗೆ 158.75 ಮಿ.ಮೀ. ಅಗಲ, 44.45 ಮಿ.ಮೀ. ಎತ್ತರದ ಕಂಡಿ ಬೇಕು, ಮತ್ತು ಆ ಪಟ್ಟಿ ತೆಳು ತಗಡಿಗೆ ಮಾತ್ರ ಕಚ್ಚಿಕೊಳ್ಳುತ್ತದೆ. ದಪ್ಪ ಪ್ಲೈಯಲ್ಲಿ ಕಂಡಿ ಕೊರೆದರೆ ಯುಎಸ್‌ಬಿ ಪಿನ್ನು ಒಳಗೆ ತಲುಪುವುದೂ ಇಲ್ಲ.

ಇನ್ನು ಮುಂಭಾಗದ ಜಾಲರಿ. ಪೆಟ್ಟಿಗೆಯ ಮುಖವೇ ಅದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕಬೇಕು. 120 ಮಿ.ಮೀ. ಫ್ಯಾನಿನ ವೃತ್ತ ಸುಮಾರು 113 ಚದರ ಸೆಂ.ಮೀ. ಅಷ್ಟೇ ಅಳತೆಯ ಜಾಲರಿ ಮಾಡಿ, ಅರ್ಧ ಭಾಗ ಮರದ ಪಟ್ಟಿಗೆ ಹೋದರೆ ಗಾಳಿಗೆ ಉಳಿಯುವುದು ಅರ್ಧ ದಾರಿ. ಫ್ಯಾನು ಕೂಗುತ್ತದೆ, ಗಾಳಿ ಬರುವುದಿಲ್ಲ. ಆದ್ದರಿಂದ ಜಾಲರಿ ಫ್ಯಾನಿಗಿಂತ ದೊಡ್ಡದಿರಬೇಕು. 180 ಮಿ.ಮೀ. ಅಗಲ, 130 ಮಿ.ಮೀ. ಎತ್ತರದ ಕಿಟಕಿಯಲ್ಲಿ 6 ಮಿ.ಮೀ. ಪಟ್ಟಿ, 6 ಮಿ.ಮೀ. ಸಂದು ಎಂದು ಲಂಬವಾಗಿ ಕೂರಿಸಿದರೆ 15 ಪಟ್ಟಿಗಳಾಗುತ್ತವೆ, ಗಾಳಿಗೆ ಸುಮಾರು 117 ಚದರ ಸೆಂ.ಮೀ. ಸಿಗುತ್ತದೆ. ಫ್ಯಾನಿನ ವೃತ್ತಕ್ಕೆ ಸರಿಸಮ. ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಆ 15 ಪಟ್ಟಿಗಳು ಗಗನಚುಂಬಿಯ ಮುಂಗಟ್ಟಿನ ಹಾಗೆ ಮೇಲಕ್ಕೆ ಎಳೆಯುತ್ತವೆ. ಲೆಕ್ಕ ಸರಿಯಾದಲ್ಲಿ ರೂಪವೂ ಸರಿಯಾಗುವುದನ್ನು ನೋಡುವುದರಲ್ಲಿ ಒಂದು ಸಂತೋಷವಿದೆ.

ಪಟ್ಟಿಗಳಿಗೂ ಫ್ಯಾನಿಗೂ ನಡುವೆ 20 ಮಿ.ಮೀ. ಅಂತರ ಬಿಡಿ, ಇಲ್ಲವಾದರೆ ರೆಕ್ಕೆ ಪಟ್ಟಿ ದಾಟುವಾಗಲೆಲ್ಲ ಗುಂಯ್ ಎನ್ನುತ್ತದೆ. ಆ ಅಂತರದ ಸುತ್ತ ತೆಳು ಮರದ ಕಟ್ಟು ಹೊಡೆದು ಮುಚ್ಚಬೇಕು. ತೆರೆದಿಟ್ಟರೆ ಫ್ಯಾನು ಹೊರಗಿನ ತಂಪನ್ನು ಬಿಟ್ಟು ಒಳಗಿನ ಬಿಸಿಯನ್ನೇ ಸುತ್ತಿಸುತ್ತದೆ. ಹಳೆಯ ರೇಡಿಯೋದ ಹಾಗೆ ಪಟ್ಟಿಯ ಹಿಂದೆ ಬಟ್ಟೆ ಬೇಕು ಎನ್ನಿಸುವುದು ಸಹಜ. ಆದರೆ ಆ ಬಟ್ಟೆ ಶಬ್ದಕ್ಕೆ ದಾರಿ ಬಿಡಲೆಂದು ನೇಯ್ದದ್ದು, ಗಾಳಿಗಲ್ಲ. ಕೊಳ್ಳುವ ಮೊದಲು ತುಂಡನ್ನು ಬಾಯಿಗೆ ಹಿಡಿದು ಊದಿ, ಇನ್ನೊಂದು ಬದಿಯ ಅಂಗೈಗೆ ಉಸಿರು ತಾಕದಿದ್ದರೆ ಬಿಟ್ಟುಬಿಡಿ. ನನ್ನ ಆಯ್ಕೆ ಹಿತ್ತಾಳೆಯ ಬಲೆ. ಧೂಳು ಒರೆಸಲೂ ಸುಲಭ, ಡೆಕೋಗೂ ಒಪ್ಪುತ್ತದೆ.

ಒಳಬಂದ ಗಾಳಿ ಹೊರಹೋಗಬೇಕಲ್ಲ. ಅದಕ್ಕೇ ಮೆಟ್ಟಿಲು. ಪೆಟ್ಟಿಗೆಯ ಎರಡೂ ಬದಿಯಲ್ಲಿ ಎರಡೆರಡು ಮೆಟ್ಟಿಲು ಒಳಸರಿಯುತ್ತವೆ. ಪ್ರತಿ ಮೆಟ್ಟಿಲಿನ ನಿಂತ ಗೋಡೆಯ ನೆತ್ತಿಯಲ್ಲಿ 8 ಮಿ.ಮೀ. ಸೀಳು, ಉದ್ದ 200 ಮಿ.ಮೀ. ಅದರ ಮೇಲೆ ಮರೀನ್ ಡ್ರೈವ್‌ನಿಂದ ಕದ್ದ ಸಜ್ಜ: 3 ಮಿ.ಮೀ. ದಪ್ಪದ ಪಟ್ಟಿ ಹೊರಗೆ ಚಾಚಿಕೊಂಡು ಸೀಳಿನ ಮೇಲೆ ನೆರಳು ಹಾಕುತ್ತದೆ. ಮೇಲಿನಿಂದ ಬೀಳುವ ಧೂಳು ಸಜ್ಜದ ಮೇಲೆ ನಿಲ್ಲುತ್ತದೆ, ಬಿಸಿಗಾಳಿ ಅದರ ಕೆಳಗಿನಿಂದ ಜಾರುತ್ತದೆ. ಹಂಚಿನ ಮನೆಯ ಅಡುಗೆಕೋಣೆಯ ಹೊಗೆ ಮಾಡಿನ ಸಂದಿನಿಂದ ಹೋದಂತೆ. ನಾಲ್ಕು ಸೀಳುಗಳಿಂದ 64 ಚದರ ಸೆಂ.ಮೀ. ದಾರಿಯಾಯಿತು. ಉಳಿದದ್ದಕ್ಕೆ ಆಚಾರ್ರು ಹೇಳಿದ ಹಾಗೆ ಹಿಂಬದಿಯ ತೂತಿನ ತಗಡಿದೆ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ ಎಂದು ಫ್ಯಾನನ್ನೇ ಬಿಡುವುದು ಮಾತ್ರ ತಪ್ಪು. ಒಂದಡಿ ಎತ್ತರದಲ್ಲಿ ಆ ಸೆಳೆತ ತೀರಾ ಸಣ್ಣದು. ಫ್ಯಾನಿನ ದಿಕ್ಕಿಗೆ ಅದು ಜೊತೆಯಾಗಬಲ್ಲದು, ಫ್ಯಾನಿಗೆ ಬದಲಿಯಾಗಲಾರದು.

ಮರದ ಪೆಟ್ಟಿಗೆಯಲ್ಲಿ ಹಲವರು ಮರೆಯುವ ವಿಷಯ ಅರ್ಥಿಂಗ್. ಕಬ್ಬಿಣದ ಪೆಟ್ಟಿಗೆಯಲ್ಲಿ ಎಸ್‌ಎಂಪಿಎಸ್‌ನ ಮೈ, ಬೋರ್ಡಿನ ಸ್ಕ್ರೂ, ಪೆಟ್ಟಿಗೆಯ ಗೋಡೆ ಎಲ್ಲವೂ ತಾವಾಗಿಯೇ ಒಂದಕ್ಕೊಂದು ಜೋಡಿಸಿಕೊಂಡು ಅರ್ಥ್ ಪಿನ್ನಿಗೆ ಸೇರಿರುತ್ತವೆ. ಮರ ಆ ಕೆಲಸ ಮಾಡುವುದಿಲ್ಲ. ಹಾಗಾಗಿ ಎಸ್‌ಎಂಪಿಎಸ್‌ನ ಸ್ಕ್ರೂವಿನಿಂದ ಬೋರ್ಡಿನ ತಟ್ಟೆಗೆ, ತಟ್ಟೆಯಿಂದ ಹಿಂಬದಿಯ ತಗಡಿಗೆ, ಮುಂದೆ ಹಿತ್ತಾಳೆಯ ಬಲೆ ಇದ್ದರೆ ಅದಕ್ಕೂ ಹಸಿರು ತಂತಿ ಎಳೆಯಲೇಬೇಕು. ಮನೆಯ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ. ಇದರಲ್ಲಿ ರಾಜಿಯಿಲ್ಲ. ಮರ ರೇಡಿಯೋ ಅಲೆಗಳನ್ನೂ ತಡೆಯುವುದಿಲ್ಲ. ಒಳಗಿನ ಗೋಡೆಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದರೆ ಪಕ್ಕದಲ್ಲಿಟ್ಟ ರೇಡಿಯೋದಲ್ಲಿ ಕರಕರ ಕಡಿಮೆಯಾಗುತ್ತದೆ. ಆದರೆ ಆಗ ವೈಫೈ ಆ್ಯಂಟೆನಾ ಹೊರಗೆ ಬರಬೇಕು.

ಮೂಲೆಗಳ ದುಂಡು. ಮುಂದಿನ ಎರಡು ಮೂಲೆಗಳಿಗೆ 50 ಮಿ.ಮೀ. ತ್ರಿಜ್ಯದ ಬಾಗು ಕೊಡಲು 12 ಮಿ.ಮೀ. ಎಂಡಿಎಫ್ ಹಲಗೆಯ ಒಳಮೈಯಲ್ಲಿ ಗರಗಸದಿಂದ 10 ಮಿ.ಮೀ. ಆಳದ ಗೀರುಗಳನ್ನು ಹಾಕಬೇಕು. ಹೊರಮೈಯಲ್ಲಿ 2 ಮಿ.ಮೀ. ಉಳಿಯುತ್ತದೆ, ಅದು ಬಾಗುತ್ತದೆ. ಎಷ್ಟು ಗೀರು? 90 ಡಿಗ್ರಿ ತಿರುಗಲು ಒಳಮೈ ಸುಮಾರು 17 ಮಿ.ಮೀ. ಗಿಡ್ಡವಾಗಬೇಕು. ಬ್ಲೇಡಿನ ದಪ್ಪ 2 ಮಿ.ಮೀ. ಆದರೆ ಒಂಬತ್ತು ಗೀರು, ಸುಮಾರು ಒಂಬತ್ತು ಮಿ.ಮೀ.ಗೊಂದರಂತೆ. ಗೀರುಗಳಿಗೆ ಫೆವಿಕಾಲ್ ತುಂಬಿ, ಬಾಗಿಸಿ, ಹಗ್ಗ ಬಿಗಿದು ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಆಕಾರ ನಿಂತಿರುತ್ತದೆ.

ಅದರ ಮೇಲೆ ವಿನೀರ್, ಅಂದರೆ ಮರದ ತೆಳು ಹಾಳೆ. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದ ಎರಡು ಹಾಳೆಗಳನ್ನು ಕೇಳಿ ತನ್ನಿ. ಅವನ್ನು ಪುಸ್ತಕ ಬಿಡಿಸಿದ ಹಾಗೆ ಎಡಬಲಕ್ಕೆ ತೆರೆದು ಕೂರಿಸಿದರೆ ಮರದ ಎಳೆ ನಡುಗೆರೆಯ ಎರಡೂ ಬದಿ ಕನ್ನಡಿಯಲ್ಲಿ ಕಂಡಂತೆ ಸಮವಾಗುತ್ತದೆ. ಡೆಕೋ ಕಾಲದ ಕಪಾಟುಗಳ ಗಾಂಭೀರ್ಯಕ್ಕೆ ಮುಕ್ಕಾಲು ಕಾರಣ ಈ ಸಮತೆ. ಮರ ಬೇಡ, ಕಪ್ಪು ಹೊಳಪೇ ಬೇಕು ಎನ್ನುವವರು ಡ್ಯೂಕೋ ಹೊಡೆಸಬಹುದು. ಅದೂ ಆ ಕಾಲದ್ದೇ. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಮೋಟಾರು ಕಾರುಗಳಿಗೆಂದು ತಂದ ಬೇಗ ಒಣಗುವ ಬಣ್ಣ ಅದು. ನನಗೆ ಮರವೇ ಇಷ್ಟ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಫ್ರೆಂಚ್ ಪಾಲಿಶ್ ತೆಳು ತೆಳುವಾಗಿ ಏರಿದಂತೆ ಎಳೆಯ ಆಳ ಕಾಣತೊಡಗುತ್ತದೆ. ಪ್ಲಾಸ್ಟಿಕ್ ಹೊಳಪಿಗೆ ಆ ಆಳವಿಲ್ಲ.

ಅರಗು ಎಂದಾಗ ಚನ್ನಪಟ್ಟಣ ನೆನಪಾಗಲೇಬೇಕು. ರೇಡಿಯೋದ ತಿರುಗಣೆಗಳಿಗೆ ನಾನು ಕಂಡ ಅತ್ಯುತ್ತಮ ಜಾಗ ಅದೇ. ಹಾಲೆ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ತರುತ್ತಾರೆ. 40 ಮಿ.ಮೀ. ಅಡ್ಡಗಲದ ಕಪ್ಪು ಗುಂಡಿ, ಅಂಚಿನಲ್ಲಿ ಕೆನೆಬಣ್ಣದ ಮೂರು ಬಳೆಗೆರೆ ಎಂದು ಹೇಳಿದರೆ ಡೆಕೋ ಎಂಬ ಮಾತೇ ಬೇಕಾಗುವುದಿಲ್ಲ, ಅವರ ಕೈಗೆ ಆ ಗೆರೆ ಮೊದಲೇ ಗೊತ್ತು. ಹಿಂದಿನ ತೂತಿನ ಅಳತೆಯನ್ನು ಮಾತ್ರ ಬರೆದುಕೊಡಿ.

ಆ ಗುಂಡಿಗಳಲ್ಲಿ ಒಂದು ಪವರ್ ಬಟನ್. ಹಳೆಯ ರೇಡಿಯೋದ ಹಾಗೆ ಟಕ್ ಎಂದು ತಿರುಗಿ ಅಲ್ಲೇ ನಿಲ್ಲುವ ಸ್ವಿಚ್ಚು ಇಲ್ಲಿ ನಡೆಯುವುದಿಲ್ಲ. ಕಂಪ್ಯೂಟರಿಗೆ ಬೇಕಾದದ್ದು ಕ್ಷಣಕಾಲದ ಒತ್ತು. ಒತ್ತಿಯೇ ಇಟ್ಟರೆ ನಾಲ್ಕು ಸೆಕೆಂಡಿನ ನಂತರ ಬಲವಂತವಾಗಿ ಆರಿಹೋಗುತ್ತದೆ. ಆದ್ದರಿಂದ ಗುಂಡಿಯ ಹಿಂದೆ ಒತ್ತಿದರೆ ಮರಳಿ ಬರುವ ಸ್ವಿಚ್ಚು ಇರಲಿ. ಇನ್ನೊಂದು ಗುಂಡಿಯ ಹಿಂದೆ ರೋಟರಿ ಎನ್‌ಕೋಡರ್ ಇಟ್ಟು, ಯುಎಸ್‌ಬಿ ಕೀಬೋರ್ಡಿನಂತೆ ವರ್ತಿಸಬಲ್ಲ ಆರ್ಡುಯಿನೋ ಲಿಯೊನಾರ್ಡೊಗೆ ಜೋಡಿಸಿದರೆ ಅದನ್ನು ತಿರುಗಿಸಿ ದನಿ ಏರಿಸಬಹುದು, ಇಳಿಸಬಹುದು. ಜಾಲರಿಯ ಮೇಲ್ಗಡೆ ಪ್ರೊಸೆಸರಿನ ತಾಪ ತೋರಿಸುವ ಅಂಕಿಪಟ್ಟಿಗೆ ಒಂದು ಮಿಲಿಆಂಪಿಯರ್‌ನ ಮುಳ್ಳಿನ ಮೀಟರ್ ತನ್ನಿ. ಅದೇ ಆರ್ಡುಯಿನೋದ 5 ವೋಲ್ಟಿನ ಪಿಡಬ್ಲ್ಯುಎಂ ಪಿನ್ನಿನಿಂದ 5 ಕಿಲೋಓಮ್ ರೆಸಿಸ್ಟರಿನ ಮೂಲಕ ನಡೆಸಿದರೆ ಮುಳ್ಳು ಪೂರ್ತಿ ಬೀಸುತ್ತದೆ. ಪ್ರೊಸೆಸರಿನ ತಾಪವನ್ನು ಕಂಪ್ಯೂಟರಿನ ಒಂದು ಸಣ್ಣ ಪ್ರೋಗ್ರಾಂ ಯುಎಸ್‌ಬಿ ಮೂಲಕ ಆರ್ಡುಯಿನೋಗೆ ಕಳಿಸುತ್ತಿರಬೇಕು. ಮೀಟರಿನ ಅಂಕಿಹಾಳೆ ತೆಗೆದು ನನ್ನದರಲ್ಲಿ ಕನ್ನಡ ಅಂಕಿಗಳನ್ನು ಮುದ್ರಿಸಿ ಹಾಕಿದ್ದೇನೆ. ದುಂಡು ಅಕ್ಷರ ಕಮಾನಿನ ಪಟ್ಟಿಯ ಮೇಲೆ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ನೋಡಿದವರೆಲ್ಲ ಮೊದಲು ಬೆರಳಿಡುವುದು ಅಲ್ಲೇ.

ಒಂದು ಕೋರಿಕೆಯೂ ಇದೆ. ಇಷ್ಟೆಲ್ಲ ಯಾಕೆ, ಹಳೆಯ ರೇಡಿಯೋ ಕೊಂಡು ಒಳಗಿನದನ್ನು ಕಿತ್ತು ಕಂಪ್ಯೂಟರ್ ತುಂಬಿದರಾಯಿತು ಎಂದು ಹೊರಡಬೇಡಿ. ದುರಸ್ತಿ ಮಾಡಬಲ್ಲವರ ಕೈ ಸೇರಿದರೆ ಅಂಥ ಸೆಟ್ಟುಗಳಲ್ಲಿ ಅನೇಕವು ಇಂದಿಗೂ ಹಾಡುತ್ತವೆ. ಒಮ್ಮೆ ಕರುಳು ಕಿತ್ತರೆ ಮರಳಿ ತುಂಬಲಾಗದು. ಹೊಸ ಪ್ಲೈವುಡ್ಡಿಗೆ ಆ ನಷ್ಟವಿಲ್ಲ.

ಪಾಲಿಶ್‌ಗೆ ಮೊದಲು, ಪೆಟ್ಟಿಗೆ ಇನ್ನೂ ಬರೀ ಮರವಾಗಿರುವಾಗಲೇ ಪರೀಕ್ಷೆ ಮುಗಿಸಿ. ಬೋರ್ಡನ್ನು ಮೇಜಿನ ಮೇಲೆ ತೆರೆದಿಟ್ಟು ಒಂದು ಗಂಟೆ ಪೂರ್ಣ ಹೊರೆ ಕೊಟ್ಟು ತಾಪ ಬರೆದುಕೊಳ್ಳಿ, ಆಮೇಲೆ ಪೆಟ್ಟಿಗೆಯೊಳಗೆ ಅದನ್ನೇ ಮಾಡಿ. ಹತ್ತು ಡಿಗ್ರಿಗಿಂತ ಹೆಚ್ಚು ಏರಿದರೆ ಸೀಳುಗಳನ್ನು 8ರಿಂದ 10 ಮಿ.ಮೀ.ಗೆ ಅಗಲಿಸಿ. ಕೋಣೆಯ ತಾಪವನ್ನೂ ಪಕ್ಕದಲ್ಲೇ ಬರೆಯಿರಿ, ಯಾಕೆಂದರೆ ಕೋಣೆ ಏರಿದಷ್ಟೂ ಪ್ರೊಸೆಸರ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ 22 ಡಿಗ್ರಿಯ ಕೋಣೆಯಲ್ಲಿ 75 ತೋರಿಸಿದ ಮುಳ್ಳು, ರಾಯಚೂರಿನ ಮೇ ತಿಂಗಳ 40 ಡಿಗ್ರಿಯ ಕೋಣೆಯಲ್ಲಿ 93ರ ಹತ್ತಿರ ನಿಲ್ಲುತ್ತದೆ. ಈಗಿನ ಹಲವು ಪ್ರೊಸೆಸರುಗಳು 95ರ ಆಸುಪಾಸಿನಲ್ಲಿ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಬಿಸಿಲೂರಿನವರು ಹಿಂಬದಿಯ ತಗಡಿನಲ್ಲಿ 92 ಮಿ.ಮೀ.ಯ ಇನ್ನೊಂದು ಫ್ಯಾನಿಗೆ ಜಾಗ ಈಗಲೇ ಕೊರೆದಿಟ್ಟುಕೊಳ್ಳಲಿ, ಬೇಸಗೆ ಬಂದಾಗ ನಾಲ್ಕು ಸ್ಕ್ರೂ ಬಿಗಿದರೆ ಸಾಕು.